ರೀಚಾರ್ಜ್ ಜೊತೆ ಹಾಟ್‌ಸ್ಟಾರ್ ಫ್ರೀ ಅಂತಾರೆ, ಇದು ನೆಟ್ ನ್ಯೂಟ್ರಾಲಿಟಿ ಮುರಿದಂಗೆ ಅಲ್ವಾ?

ಓದುಗರ ಪ್ರಶ್ನೆ: 2025ರ ಐಪಿಎಲ್ ಟೈಮಲ್ಲಿ ಜಿಯೋದವರು 299 ರೂಪಾಯಿ ರೀಚಾರ್ಜ್‌ಗೆ 90 ದಿನ ಜಿಯೋಹಾಟ್‌ಸ್ಟಾರ್ ಫ್ರೀ ಕೊಟ್ರು. ಫೇಸ್‌ಬುಕ್‌ನವರು ಫ್ರೀ ಇಂಟರ್ನೆಟ್ ಕೊಡ್ತೀವಿ ಅಂದಾಗ ಬೇಡ ಅಂತ ಓಡಿಸಿದ್ವಿ, ಇದಕ್ಕೆ ಯಾಕೆ ಯಾರೂ ಮಾತಾಡಲ್ಲ?

ನೆಟ್ ನ್ಯೂಟ್ರಾಲಿಟಿ ಅಂದ್ರೆ ನೆಟ್‌ವರ್ಕ್ ಕಂಪನಿ ಎಲ್ಲಾ ಆಪು, ಸೈಟುಗಳ ಡೇಟಾನೂ ಒಂದೇ ಥರ ನೋಡಬೇಕು, ರೇಟಲ್ಲೂ ಸ್ಪೀಡಲ್ಲೂ ಭೇದ ಮಾಡಬಾರದು ಅನ್ನೋದು. ಮಾತಾಡದೆ ಇರೋದಕ್ಕೆ ಕಾರಣ ಸಿಂಪಲ್, ಕಾನೂನು ಪ್ರಕಾರ ಇದು ತಪ್ಪಲ್ಲ. ಫ್ರೀ ಸಿಕ್ಕಿದ್ದು ಸಬ್‌ಸ್ಕ್ರಿಪ್ಷನ್ನು, ಡೇಟಾ ಅಲ್ಲ. ಮ್ಯಾಚ್ ನೋಡ್ಕೊಂಡು ಕೂತಾಗ ಡೇಟಾ ಬ್ಯಾಲೆನ್ಸ್ ಒಂದ್ಸಲ ಚೆಕ್ ಮಾಡಿ, ಯೂಟ್ಯೂಬ್ ನೋಡಿದ್ರೆ ಹೆಂಗೆ ಕರಗುತ್ತೋ ಹಂಗೇ ಕರಗ್ತಾ ಇರುತ್ತೆ.

ಇದು ಅರ್ಥ ಆಗಬೇಕು ಅಂದ್ರೆ ಹಿಟ್ಟಿನ ಗಿರಣಿ ನೆನಪು ಮಾಡ್ಕೊಳ್ಳಿ. ರಾಗಿ ತಗೊಂಡು ಹೋಗ್ತೀರ, ಕೆಜಿಗೆ ಇಷ್ಟು ಅಂತ ಬೀಸಿ ಕೊಡ್ತಾನೆ, ರಾಗಿ ಯಾವ ಅಂಗಡೀದು ಅಂತ ಕೇಳಲ್ಲ. ನಾಳೆಯಿಂದ ಅವನು ‘ಶೆಟ್ರ ಅಂಗಡಿ ರಾಗಿ ಆದ್ರೆ ಬೀಸೋದು ಫ್ರೀ, ಬೇರೆ ಕಡೆ ತಂದಿದ್ರೆ ಕೆಜಿಗೆ ಹತ್ತು ರೂಪಾಯಿ’ ಅಂದ್ರೆ ಏನಾಗುತ್ತೆ? ಒಂದೆರಡು ತಿಂಗಳು ನಮಗೆಲ್ಲ ಖುಷಿನೇ, ಆಮೇಲೆ ಊರಲ್ಲಿ ಶೆಟ್ರ ಅಂಗಡಿ ಒಂದೇ ಉಳಿಯುತ್ತೆ, ರೇಟು ಅವರು ಹೇಳಿದ್ದೇ. ನೆಟ್ ನ್ಯೂಟ್ರಾಲಿಟಿ ತಡೆಯೋದು ಇದನ್ನ. ಶೆಟ್ರು ಒಂದು ಸೇರು ರಾಗಿನ ಗಿರಣಿಯವನ ಕೈಲಿ ಗಿಫ್ಟ್ ಕೊಡಿಸಿದ್ರೆ, ಆದ್ರೆ ಬೀಸೋ ಚಾರ್ಜು ಎಲ್ಲರಿಗೂ ಒಂದೇ ಇದ್ರೆ, ಅದಕ್ಕೆ ರೂಲ್ಸಲ್ಲಿ ಅಡ್ಡಿ ಇಲ್ಲ. ನಿಮ್ಮ ಹಾಟ್‌ಸ್ಟಾರ್ ಆ ಒಂದು ಸೇರು ರಾಗಿ.

ದಿನದ ಡೇಟಾ ಮುಗಿದ ಮೇಲೆ ಸ್ಪೀಡು 64 ಕೆಬಿಪಿಎಸ್‌ಗೆ ಬೀಳುತ್ತಲ್ಲ, ಅದೂ ಉಲ್ಲಂಘನೆ ಅಲ್ಲ, ಯಾಕಂದ್ರೆ ಎಲ್ಲಾ ಆಪೂ ಒಂದೇ ಥರ ತೆವಳುತ್ತೆ. ಒಂದು ಮಾತ್ರ ಓಡಿ ಇನ್ನೊಂದು ತೆವಳಿದ್ರೆ ಆಗ ಕೇಳಬೇಕು.

ಈ ರೂಲ್ಸು ಸುಮ್ಮನೆ ಬಂದಿದ್ದಲ್ಲ. 2014ರ ಡಿಸೆಂಬರಲ್ಲಿ ಏರ್‌ಟೆಲ್‌ನವರು ಇಂಟರ್ನೆಟ್ ಕಾಲ್‌ಗೆ, ಅಂದ್ರೆ ಸ್ಕೈಪ್ ವೈಬರ್ ಥರದ್ದಕ್ಕೆ, ಬೇರೆ ದುಡ್ಡು ಅಂತ ಹೊರಟ್ರು, ಜನ ಬೈದ ಮೇಲೆ ಕೆಲವೇ ದಿನಕ್ಕೆ ವಾಪಸ್ ತಗೊಂಡ್ರು. 2015ರ ಮಾರ್ಚಲ್ಲಿ ಟ್ರಾಯ್, ಅಂದ್ರೆ ಟೆಲಿಕಾಂ ಕಂಪನಿಗಳಿಗೆ ರೂಲ್ಸ್ ಮಾಡೋ ಸರ್ಕಾರಿ ಸಂಸ್ಥೆ, ಜನರ ಅಭಿಪ್ರಾಯ ಕೇಳೋಕೆ 118 ಪುಟದ ಪೇಪರ್ ಬಿಟ್ಟು 20 ಪ್ರಶ್ನೆ ಕೇಳ್ತು, ಅದನ್ನ ಪೂರ್ತಿ ಓದಿದವರು ಎಷ್ಟು ಜನ ಇದ್ರೋ, ಆದ್ರೆ ಉತ್ತರದ ಮೇಲ್‌ಗಳು ಮಾತ್ರ 10 ಲಕ್ಷದ ಮೇಲೆ ಹೋದ್ವು, ಟ್ರಾಯ್‌ನವರು ಅವನ್ನ ಕಳಿಸಿದವರ ಮೇಲ್ ಐಡಿ ಸಮೇತ ವೆಬ್‌ಸೈಟಲ್ಲಿ ಹಾಕಿ ಇನ್ನೊಂದು ರೌಂಡ್ ಬೈಸ್ಕೊಂಡ್ರು. ಆ ಏಪ್ರಿಲಲ್ಲೇ ಏರ್‌ಟೆಲ್ ಝೀರೋ ಬಂತು, ಆಪ್ ಕಂಪನಿ ದುಡ್ಡು ಕೊಟ್ರೆ ಆ ಆಪಿನ ಡೇಟಾ ಗಿರಾಕಿಗೆ ಫ್ರೀ. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟು ಅದಕ್ಕೆ ಸೇರೋಕೆ ಹೋಗಿ, ಗಲಾಟೆ ನೋಡಿ ಹಿಂದೆ ಸರೀತು.

ಆಮೇಲೆ ಫ್ರೀ ಬೇಸಿಕ್ಸ್, ನೀವು ಹೇಳಿದ ಫೇಸ್‌ಬುಕ್‌ನವರ ಫ್ರೀ ಇಂಟರ್ನೆಟ್ ಇದೇ. ರಿಲಯನ್ಸ್ ಕಮ್ಯುನಿಕೇಷನ್ಸ್ ಸಿಮ್ಮಲ್ಲಿ ಫೇಸ್‌ಬುಕ್, ವಿಕಿಪೀಡಿಯ ಮತ್ತೆ ಇನ್ನೊಂದಿಷ್ಟು ಸೈಟಿಗೆ ಡೇಟಾ ಚಾರ್ಜ್ ಇಲ್ಲ, ಉಳಿದಿದ್ದಕ್ಕೆಲ್ಲ ಇದೆ. ಏನೂ ಇಲ್ಲದವರಿಗೆ ಅಷ್ಟಾದ್ರೂ ಸಿಗಲಿ ಅನ್ನೋ ವಾದ ಆಗ ನನಗೂ ಸ್ವಲ್ಪ ಸರಿ ಅನ್ಸಿತ್ತು, ಸುಳ್ಳು ಯಾಕೆ ಹೇಳ್ಲಿ, ಆಗ ಒಂದು ಜಿಬಿಗೆ ಇನ್ನೂರು ರೂಪಾಯಿ ಮೇಲೆ ಕೊಡ್ತಿದ್ವಿ. ಆದ್ರೆ ಪೇಪರಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು, ಟ್ರಾಯ್‌ಗೆ ಬರೀರಿ ಅಂತ ಫೇಸ್‌ಬುಕ್ ಒಳಗೇ ಜನರನ್ನ ಹಚ್ಚಿದ್ದು ನೋಡಿದ ಮೇಲೆ ಅನುಮಾನ ಬಂತು. 2016ರ ಫೆಬ್ರವರಿ 8ಕ್ಕೆ ಟ್ರಾಯ್ ನಿಯಮ ತಂತು: ಕಂಟೆಂಟ್ ನೋಡಿ ಡೇಟಾ ರೇಟ್ ಬೇರೆ ಬೇರೆ ಮಾಡಂಗಿಲ್ಲ, ಮಾಡಿದ್ರೆ ದಿನಕ್ಕೆ 50,000 ದಂಡ, ಹೆಚ್ಚಂದ್ರೆ 50 ಲಕ್ಷ. ಮೂರೇ ದಿನಕ್ಕೆ ಫೇಸ್‌ಬುಕ್‌ನವರು ಇಲ್ಲಿ ಫ್ರೀ ಬೇಸಿಕ್ಸ್ ಬಾಗಿಲು ಹಾಕಿದ್ರು. ಅದೇ ಸೆಪ್ಟೆಂಬರಲ್ಲಿ ಜಿಯೋ ಬಂದು ಡೇಟಾ ಬೆಲೆನೇ ನೆಲಕ್ಕೆ ಬಿತ್ತು, ಬಡವರಿಗೆ ಅರ್ಧಂಬರ್ಧ ಇಂಟರ್ನೆಟ್ ಅನ್ನೋ ಮಾತೇ ಹಳೇದಾಯ್ತು. 2018ರಲ್ಲಿ ಕಂಟೆಂಟ್ ನೋಡಿ ಸ್ಪೀಡ್ ಕಮ್ಮಿ ಮಾಡಂಗಿಲ್ಲ, ಬ್ಲಾಕ್ ಮಾಡಂಗಿಲ್ಲ ಅಂತ ಟೆಲಿಕಾಂ ಕಂಪನಿಗಳ ಲೈಸೆನ್ಸ್ ಷರತ್ತಲ್ಲೇ ಸೇರಿಸಿ ಬಿಗಿ ಮಾಡಿದ್ರು.

ಆದ್ರೂ ನಿಮ್ಮ ಅನುಮಾನ ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಜಿಯೋ, ಜಿಯೋಹಾಟ್‌ಸ್ಟಾರ್ ಥರ ಗಿರಣಿನೂ ಅವರದ್ದೇ ರಾಗಿ ಅಂಗಡಿನೂ ಅವರದ್ದೇ ಆಗಿಬಿಟ್ರೆ ಗಿಫ್ಟ್ ಅನ್ನೋದು ಬರೀ ಗಿಫ್ಟ್ ಆಗಿ ಉಳಿಯುತ್ತಾ? ನಾಳೆ ಯಾರೋ ನಾಲ್ಕು ಜನ ಹುಡುಗರು ಕನ್ನಡ ನಾಟಕಕ್ಕೆ ಅಂತಲೇ ಒಂದು ಆಪ್ ಮಾಡಿ ತಿಂಗಳಿಗೆ 49 ಇಟ್ರೆ, ರೀಚಾರ್ಜ್ ಜೊತೆ ಹತ್ತು ಓಟಿಟಿ ಸಿಕ್ಕಿರೋ ಮನುಷ್ಯ ಅದಕ್ಕೆ ದುಡ್ಡು ಬಿಚ್ತಾನಾ. ಡೇಟಾ ರೇಟಿಗೆ ಕಟ್ಟಿದ ಬೇಲಿ ಇದನ್ನ ತಡೆಯಲ್ಲ. ಇದು ಕಾಂಪಿಟಿಷನ್ ಕಮಿಷನ್, ಅಂದ್ರೆ ದೊಡ್ಡ ಕಂಪನಿಗಳು ಪೈಪೋಟಿ ಹಾಳು ಮಾಡದಂಗೆ ಕಾಯೋ ಆಯೋಗ, ನೋಡಬೇಕಾದ ವಿಷಯ ಅನ್ನೋದು ನನ್ನ ಅಭಿಪ್ರಾಯ.

ಇದರ ಹಿಂದೆನೇ ಬರೋ ಇನ್ನೊಂದು ಪ್ರಶ್ನೆ, ನೆಟ್ ನ್ಯೂಟ್ರಾಲಿಟಿ ಇದ್ರೂ ಸರ್ಕಾರ ಟಿಕ್‌ಟಾಕ್ ಹೆಂಗೆ ಬ್ಯಾನ್ ಮಾಡ್ತು ಅಂತ. ಎರಡೂ ಬೇರೆ ಬೇರೆ. ಈ ರೂಲ್ಸು ಕಟ್ಟಿ ಹಾಕೋದು ನೆಟ್‌ವರ್ಕ್ ಕಂಪನಿ ಕೈನ, ಸರ್ಕಾರದ ಕೈನ ಅಲ್ಲ. 2020ರ ಜೂನಲ್ಲಿ 59 ಆಪ್ ಹೋಗಿದ್ದು ಐಟಿ ಕಾಯ್ದೆಯ 69ಎ ಕೆಳಗೆ, ಅದು ಬ್ಲಾಕ್ ಮಾಡಿಸೋ ಅಧಿಕಾರನ ಸರ್ಕಾರಕ್ಕೆ ಕೊಡೋ ಸೆಕ್ಷನ್ನು, ಕಾನೂನು ಪ್ರಕಾರ ಬ್ಲಾಕ್ ಮಾಡು ಅಂತ ಆರ್ಡರ್ ಬಂದ್ರೆ ಅದಕ್ಕೆ ಲೈಸೆನ್ಸಲ್ಲೇ ವಿನಾಯಿತಿ ಇದೆ. ಈ 69ಎ ಆರ್ಡರ್‌ಗಳನ್ನ ಟ್ವಿಟ್ಟರ್‌ನವರು ಕರ್ನಾಟಕ ಹೈಕೋರ್ಟಲ್ಲಿ ಪ್ರಶ್ನೆ ಮಾಡಿದ್ರು, 2023ರ ಜೂನ್ 30ಕ್ಕೆ ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿ 50 ಲಕ್ಷ ಕಟ್ಟಿ ಅಂತು (ಅಪೀಲು ಬೇರೆ ಕಥೆ). ನೆಟ್ ನ್ಯೂಟ್ರಾಲಿಟಿ ಮುರಿದ ಟೆಲಿಕಾಂ ಕಂಪನಿಗೆ ಟ್ರಾಯ್ ಹಾಕಬಹುದಾದ ಗರಿಷ್ಠ ದಂಡನೂ ಅಷ್ಟೇ, ಕಾಕತಾಳೀಯ ಇರಬಹುದು.

ಈಗ ಇರೋ ಜಗಳ ಬೇರೆ. 5ಜಿಗೆ ಸಾವಿರಾರು ಕೋಟಿ ಸುರಿದಿದ್ದು ನಾವು, ಪೈಪ್ ತುಂಬಾ ಹರಿಯೋದು ಯೂಟ್ಯೂಬ್ ನೆಟ್‌ಫ್ಲಿಕ್ಸ್ ವಿಡಿಯೋ, ಹಂಗಾಗಿ ಅವರೂ ಪಾಲು ಕೊಡಲಿ ಅಂತ ಟೆಲಿಕಾಂ ಕಂಪನಿಗಳು ಕೂತಿವೆ. ನನಗೆ ಇದು ಒಪ್ಪಿಗೆ ಆಗಲ್ಲ. ಬೀಸೋ ದುಡ್ಡು ನಾನು ಕೊಟ್ಟಾಗಿದೆ, ಈಗ ರಾಗಿ ಮಾರಿದವನ ಹತ್ರನೂ ಹೋಗಿ ಕೈ ಚಾಚಿದ್ರೆ ಅವನು ಅದನ್ನ ರಾಗಿ ರೇಟಿಗೇ ಸೇರಿಸ್ತಾನೆ, ಇಲ್ಲಾ ಅಂಗಡಿ ಮುಚ್ಚಿ ಹೋಗ್ತಾನೆ. ದಕ್ಷಿಣ ಕೊರಿಯಾದಲ್ಲಿ ಇಂಥ ನೆಟ್‌ವರ್ಕ್ ಫೀ ಇದೆ, ಗೇಮ್ ಲೈವ್ ತೋರಿಸೋ ಟ್ವಿಚ್ ಕಂಪನಿ ಬೇರೆ ದೇಶಕ್ಕಿಂತ ಕೊರಿಯಾದಲ್ಲಿ ಹತ್ತು ಪಟ್ಟು ಖರ್ಚು ಬರ್ತಿದೆ ಅಂತ ಹೇಳಿ 2024ರ ಫೆಬ್ರವರಿಯಲ್ಲಿ ಅಲ್ಲಿಂದ ಗಂಟುಮೂಟೆ ಕಟ್ತು.