ಲಿಂಕ್ ಕಳಿಸಿದರೆ ಪ್ರತಿ ಕಳಿಸಿದಂತಾಗುವುದಿಲ್ಲ

ಆನ್‌ಲೈನ್ ಪಾಠಕ್ಕೆ ಗೂಗಲ್ ಡಾಕ್ಸ್, ಪ್ಯಾಡ್ಲೆಟ್, ಈಥರ್‌ಪ್ಯಾಡ್‌ನಂತಹ, ಹಲವರು ಒಂದೇ ಪುಟದಲ್ಲಿ ಬರೆಯಬಹುದಾದ ಉಚಿತ ಸಾಧನಗಳನ್ನು ಬಳಸುವ ತರಬೇತಿಗೆ ಬರುವ ಶಿಕ್ಷಕರಿಗೆ ಖಾತೆ ತೆರೆಯುವುದನ್ನಾಗಲಿ ಕನ್ನಡದಲ್ಲಿ ಟೈಪ್ ಮಾಡುವುದನ್ನಾಗಲಿ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಎಷ್ಟು ಸಲ ತಿದ್ದಿದರೂ ಮರುಕಳಿಸುವ ತಪ್ಪು ತಿಳಿವಳಿಕೆಯೊಂದಿದೆ: ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದೊಡನೆ ಪ್ರತಿ ವಿದ್ಯಾರ್ಥಿಯ ಕೈಗೂ ಒಂದೊಂದು ಹಾಳೆ ಸೇರಿತು ಎಂಬ ನಂಬಿಕೆ. ಸೇರುವುದಿಲ್ಲ. ಲಿಂಕ್ ಎಂದರೆ ಜೆರಾಕ್ಸ್ ಅಲ್ಲ, ತರಗತಿಯ ಕಪ್ಪುಹಲಗೆ. ಹಲಗೆ ಒಂದೇ, ಸೀಮೆಸುಣ್ಣವೂ ಡಸ್ಟರೂ ಮಾತ್ರ ಎಲ್ಲರ ಕೈಯಲ್ಲಿ.

ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕಿಯೊಬ್ಬರು ಸಂಧಿಯ ಅಭ್ಯಾಸವನ್ನು ಗೂಗಲ್ ಡಾಕ್ಸ್‌ನಲ್ಲಿ ಹೀಗೆಯೇ ಹಂಚಿ, ಸಂಜೆ ಕರೆ ಮಾಡಿ, 'ಸರ್, ಮಕ್ಕಳು ಬೇಕೆಂದೇ ಎಲ್ಲವನ್ನೂ ಅಳಿಸಿಬಿಟ್ಟಿದ್ದಾರೆ' ಎಂದು ದೂರಿದರು. ಯಾರು ಯಾವಾಗ ಏನು ಬದಲಿಸಿದರೆಂದು ತೋರಿಸುವ, ಫೈಲ್ ಮೆನುವಿನಲ್ಲಿರುವ ವರ್ಷನ್ ಹಿಸ್ಟರಿ ತೆರೆದು ನೋಡಿದಾಗ ಕಂಡದ್ದೇ ಬೇರೆ. 'ಮಹಾ + ಈಶ' ಎಂಬುದರ ಮುಂದಿನ ಖಾಲಿ ಜಾಗದಲ್ಲಿ ಮೊದಲ ಹುಡುಗ 'ಮಹೇಶ, ಗುಣಸಂಧಿ' ಎಂದು ಬರೆದಿದ್ದ. ಎರಡನೆಯವಳು ತನ್ನ ಹಾಳೆಯಲ್ಲಿ ಯಾರೋ ಬರೆದಿದ್ದಾರೆಂದುಕೊಂಡು ಅದನ್ನು ಅಳಿಸಿ, ತಾನೂ ಅದನ್ನೇ ಬರೆದಿದ್ದಳು. ಮೂರನೆಯವನು ಅವಳದನ್ನು ಅಳಿಸಿದ್ದ. ಮಕ್ಕಳು ತುಂಟತನ ಮಾಡಿರಲಿಲ್ಲ, ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದರು. ಹಲವರು ಮನೆಯ ಫೋನ್ ಬಳಸಿದ್ದರಿಂದ ಹಿಸ್ಟರಿಯಲ್ಲಿ ಅಪ್ಪಂದಿರ ಹೆಸರುಗಳಿದ್ದವು. ಲಾಗಿನ್ ಆಗದವರು ಅನಾಮಧೇಯರಾಗಿ ಉಳಿದರು, ಅವರು ಯಾರೆಂದು ಪತ್ತೆಹಚ್ಚುವ ದಾರಿ ಶಿಕ್ಷಕರಿಗೆ ಇರುವುದಿಲ್ಲ.

ಪ್ರತಿಯೊಬ್ಬರಿಗೂ ಪ್ರತ್ಯೇಕ ಹಾಳೆ ಬೇಕಿದ್ದರೆ ಗೂಗಲ್ ಡಾಕ್ಸ್ ಫೈಲನ್ನು 'ವ್ಯೂವರ್' (ನೋಡಲು ಮಾತ್ರ) ಅನುಮತಿಯಲ್ಲಿಯೇ ಇಟ್ಟು, ವಿಳಾಸದ ಕೊನೆಯಲ್ಲಿ 'ಎಡಿಟ್' (edit) ಎಂಬುದನ್ನೂ ಅದರ ಮುಂದಿನದನ್ನೆಲ್ಲವನ್ನೂ ತೆಗೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಕಾಪಿ' (copy) ಎಂದು ಸೇರಿಸಿ ಆ ಲಿಂಕನ್ನು ಕಳಿಸಬೇಕು. ತೆರೆದವರಿಗೆ ಸ್ವಂತ ಪ್ರತಿ ಮಾಡಿಕೊಳ್ಳುವಂತೆ ಅದೇ ಕೇಳುತ್ತದೆ. ಫೋನಿನಲ್ಲಿ ಇದು ಸದಾ ಸಲೀಸಾಗಿ ನಡೆಯುತ್ತದೆಂದು ಖಾತರಿ ಕೊಡಲಾರೆ, ಮೊದಲು ಒಂದಿಬ್ಬರಿಗೆ ಕಳಿಸಿ ನೋಡುವುದು ಒಳ್ಳೆಯದು. ಆ ಪ್ರತಿ ಸೇರುವುದು ವಿದ್ಯಾರ್ಥಿಯ ಗೂಗಲ್ ಡ್ರೈವಿಗೆ. ಅವರು ಮರಳಿ ಹಂಚಿಕೊಳ್ಳುವವರೆಗೂ ಅದು ನಿಮಗೆ ಕಾಣುವುದಿಲ್ಲ. 'ಯಾರೂ ಹೋಮ್‌ವರ್ಕ್ ಮಾಡಿಲ್ಲ' ಎಂದು ಗದರುವ ಮೊದಲು ದಯವಿಟ್ಟು ಇದನ್ನು ನೆನಪಿಸಿಕೊಳ್ಳಿ. ಗೂಗಲ್ ಕ್ಲಾಸ್‌ರೂಮ್ ಬಳಸುವವರಿಗೆ ಈ ಉಪಾಯ ಬೇಕಿಲ್ಲ. ಅಸೈನ್‌ಮೆಂಟಿಗೆ ಫೈಲ್ ಸೇರಿಸುವಾಗಲೇ ಪ್ರತಿ ವಿದ್ಯಾರ್ಥಿಗೂ ಒಂದು ಪ್ರತಿ ಮಾಡುವ ಆಯ್ಕೆ ಅಲ್ಲಿದೆ.

ಎಲ್ಲರೂ ಒಂದೇ ಕಡೆ ಬರೆಯಬೇಕೆಂಬುದೇ ಉದ್ದೇಶವಾದರೆ 'ಎಡಿಟರ್' (ತಿದ್ದಬಹುದಾದ) ಅನುಮತಿ ಸರಿ, ಆದರೆ ಖಾಲಿ ಪುಟ ಕೊಡಬೇಡಿ. ಕೋಷ್ಟಕ ಹಾಕಿ, ಒಂದೊಂದು ಸಾಲಿಗೆ ಒಂದೊಂದು ಗುಂಪಿನ ಹೆಸರು ಬರೆದಿಡಿ. ಅವಧಿ ಮುಗಿದ ಮೇಲೆ ಅನುಮತಿಯನ್ನು 'ವ್ಯೂವರ್' ಎಂದು ಬದಲಾಯಿಸಿ, ಏಕೆಂದರೆ ಆ ಲಿಂಕ್ ಯಾವ ಯಾವ ಗುಂಪಿಗೆ ಫಾರ್ವರ್ಡ್ ಆಗಿದೆಯೋ ಹೇಳಲಾಗದು.

ಇದೇ ತಪ್ಪು ತಿಳಿವಳಿಕೆಗೆ ಇನ್ನೊಂದು ಮಗ್ಗುಲೂ ಇದೆ. ಲಿಂಕನ್ನು ಉಳಿಸಿಕೊಂಡರೆ ಪಾಠವೇ ತಮ್ಮ ಬಳಿ ಉಳಿಯಿತೆಂದು ಅನೇಕ ಶಿಕ್ಷಕರು ಭಾವಿಸುತ್ತಾರೆ. ತರಗತಿಗಳಲ್ಲಿ ಬಹಳ ಬಳಕೆಯಲ್ಲಿದ್ದ ಡಿಜಿಟಲ್ ಹಲಗೆ ಜಾಮ್‌ಬೋರ್ಡನ್ನು ಗೂಗಲ್ 2024ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಉಚಿತ ಸಾಧನ ಯಾವುದೇ ಇರಲಿ, ಘಟಕ ಮುಗಿದಾಗಲೆಲ್ಲ ಮಕ್ಕಳು ಬರೆದದ್ದನ್ನು ಪಿಡಿಎಫ್ ಆಗಿ ಇಳಿಸಿಕೊಂಡು ನಿಮ್ಮದೇ ಕಂಪ್ಯೂಟರಿನಲ್ಲಿಯೋ ಪೆನ್‌ಡ್ರೈವಿನಲ್ಲಿಯೋ ಇಟ್ಟುಕೊಳ್ಳಿ.