ಒಂದೇ ಕಾಲುವೆ, ಎರಡು ಸಂಕಟ: ತುಂಗಭದ್ರಾ ಎಡದಂಡೆಯ ಸವಳು-ಜವಳು

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ತುಂಗಭದ್ರಾ ಎಡದಂಡೆ ಕಾಲುವೆ ಭತ್ತಕ್ಕೆಂದು ಮಾಡಿದ್ದಲ್ಲ. ಬರದ ಸೀಮೆಯಲ್ಲಿ ಆದಷ್ಟು ಜಾಸ್ತಿ ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಹಂಚಿ ಬೆಳೆ ಉಳಿಸಬೇಕು ಅನ್ನೋದೇ ಮೂಲ ಲೆಕ್ಕ. ಜೋಳ, ಹತ್ತಿ, ಶೇಂಗಾಕ್ಕೆ ಅಷ್ಟು ಸಾಕು. 1953ರಲ್ಲಿ ಅಣೆಕಟ್ಟೆ ತುಂಬತೊಡಗಿತು. ಮುಂದೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತವೇ ಹರಡಿತು. ಕೊನೆ ಭಾಗದ ಮಾನ್ವಿ, ರಾಯಚೂರು ರೈತರು ಇವತ್ತಿಗೂ ನೀರಿಗಾಗಿ ಕಾಯುತ್ತಾರೆ. ಜಲಾಶಯದಲ್ಲಿ ಹೂಳು ಬೇರೆ: 133 ಟಿಎಂಸಿ ಇದ್ದ ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿದೆ.

ಕೊನೆ ಭಾಗಕ್ಕೆ ನೀರಿಲ್ಲದ ಕಷ್ಟವಾದರೆ, ಮೇಲ್ಭಾಗಕ್ಕೆ ನೀರು ಹೆಚ್ಚಾದ ಕಷ್ಟ. ಎರೆ ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ವರ್ಷಕ್ಕೆ ಎರಡು ಸಲ ಭತ್ತಕ್ಕೆ ನೀರು ನಿಲ್ಲಿಸಿದರೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ಇದು ಜವಳು. ಬೇಸಿಗೆಯಲ್ಲಿ ಆ ನೀರು ಮಣ್ಣಿನ ಸಣ್ಣ ರಂಧ್ರಗಳಲ್ಲಿ ಮೇಲೆ ಹತ್ತಿ ಆವಿಯಾಗುತ್ತದೆ, ಕರಗಿದ್ದ ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ಇದು ಸವಳು. ಏಪ್ರಿಲ್‌ನಲ್ಲಿ ಬದುವಿನ ಪಕ್ಕ ಕೂತು ನೋಡಿ: ಬೂದಿ ಉದುರಿಸಿದ ಹಾಗೆ ಬಿಳಿ ಪದರ, ಬೆರಳಿಗೆ ಪುಡಿಪುಡಿ. ಮುಂದಿನ ನಾಟಿಯಲ್ಲಿ ಅದೇ ಜಾಗದ ಸಸಿ ತುದಿಯಿಂದ ಒಣಗುತ್ತದೆ.

ಪರೀಕ್ಷೆ ಬರೆಯುವಾಗ ಬಹಳ ವಿದ್ಯಾರ್ಥಿಗಳು ತಪ್ಪುವುದು ಪರಿಹಾರದ ಭಾಗದಲ್ಲಿ. ಎಲ್ಲದಕ್ಕೂ ಸುಮ್ನೆ ಜಿಪ್ಸಂ ಅಂತ ಬರೆಯಬೇಡಿ. ಲವಣಾಂಶ ಅಳೆಯುವ ಇಸಿ (ವಿದ್ಯುತ್ ವಾಹಕತೆ) ಮೀಟರಿಗೆ 4 ಡೆಸಿಸೈಮನ್ಸ್ ದಾಟಿ, ಹುಳಿ-ಕ್ಷಾರ ಅಳೆಯುವ ಪಿಎಚ್ 8.5ರ ಒಳಗಿದ್ದರೆ ಅದು ಸವಳು. ಒಳ್ಳೆ ನೀರು ಹಾಯಿಸಿ ಉಪ್ಪನ್ನು ತೊಳೆದು ಹೊರಹಾಕಬೇಕು. ಪಿಎಚ್ 8.5 ಮೀರಿದ್ದರೆ ಸೋಡಿಯಂ ಮಣ್ಣಿಗೆ ಅಂಟಿಕೊಂಡಿರುತ್ತದೆ, ಆಗಲೇ ಜಿಪ್ಸಂ ಬೇಕಾಗುವುದು. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ. ಹಾಗೆ ಬಿಡಿಸಿಕೊಂಡ ಸೋಡಿಯಂ ಕೂಡ ನೀರಿನ ಜೊತೆ ಹೊರಗೆ ಹೋಗಲೇಬೇಕು. ಹಾಗಾಗಿ ಎರಡಕ್ಕೂ ಬಸಿಗಾಲುವೆ, ಅಂದರೆ ಹೊಲದ ಹೆಚ್ಚಿನ ನೀರನ್ನು ಹೊರಗೆ ಒಯ್ಯುವ ಕಾಲುವೆ, ಇಲ್ಲದೆ ಉಪಾಯವಿಲ್ಲ.

ಭತ್ತ ಬಿಡಿ ಅಂತ ಹೇಳುವುದು ಸುಲಭ, ಆದರೆ ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಒಬ್ಬ ರೈತ ಹತ್ತಿ ಹಾಕಿದರೂ ಸುತ್ತಲಿನ ಗದ್ದೆಗಳ ನೀರು ಅವನ ಹೊಲಕ್ಕೇ ಜಿನುಗುತ್ತದೆ, ಹತ್ತಿ ಬೇರು ಕೊಳೆಯುತ್ತದೆ. ಕೊನೆಗೆ ಅವನೂ ಭತ್ತಕ್ಕೇ ಬರಬೇಕು, ಅಲ್ವಾ? ಕೂರಿಗೆ ಭತ್ತದಲ್ಲಿ, ಅಂದರೆ ಸಸಿ ನಾಟಿ ಬಿಟ್ಟು ಕೂರಿಗೆಯಿಂದ ನೇರ ಬೀಜ ಬಿತ್ತುವ ಭತ್ತದಲ್ಲಿ, ಕೆಸರು ಮಾಡುವುದಿಲ್ಲ, ನೀರು ಉಳಿತಾಯವಾಗುತ್ತದೆ. ಅದನ್ನು ಒಬ್ಬನೇ ಶುರು ಮಾಡಬಹುದು. ಬಸಿಗಾಲುವೆ ಹಾಗಲ್ಲ. ಅದು ಹತ್ತು ಜನರ ಹೊಲ ದಾಟಿ ಹಳ್ಳ ಸೇರಬೇಕು, ನಡುವೆ ಒಬ್ಬರು ಮುಚ್ಚಿದರೂ ಮೇಲಿನವರ ಹೊಲದಲ್ಲಿ ನೀರು ನಿಲ್ಲುತ್ತದೆ.