ಆರ್.ಹೆಚ್. ಹ್ಯಾರಿಸ್ ಮತ್ತು ಐದನೇ ಗಾಯಕನ ಲೆಕ್ಕ

ಗಾಸ್ಪೆಲ್ ಕ್ವಾರ್ಟೆಟ್, ಅಂದರೆ ಕ್ರೈಸ್ತ ಭಕ್ತಿಗೀತೆಗಳನ್ನು ನಾಲ್ಕು ದನಿಗಳಲ್ಲಿ ಹಾಡುವ ತಂಡ, ಅಂದ ಕೂಡಲೇ ಎಲ್ಲರೂ ಅಮೆರಿಕದ ಹೆಸರಾಂತ ಗಾಯಕ ಸ್ಯಾಮ್ ಕುಕ್‌ನಿಂದ ಶುರು ಮಾಡುತ್ತಾರೆ. ನನಗೆ ಕೇಳಿದರೆ, ಸೋಲ್ ಸ್ಟಿರರ್ಸ್ ತಂಡದಲ್ಲಿ ಅವನಿಗಿಂತ ಮುಂಚೆ ಅದೇ ಜಾಗದಲ್ಲಿ ನಿಂತು ಹಾಡಿದ ಆರ್.ಹೆಚ್. ಹ್ಯಾರಿಸ್‌ನ ಹಾಡು ಮೊದಲು ಕೇಳಿ. ಆಮೇಲೆ ಕುಕ್ ಸಲೀಸು.

ಬದುಕಿನ ವಿವರ ಬೇಗ ಮುಗಿಸೋಣ. ಹುಟ್ಟಿದ್ದು 1916, ಅಮೆರಿಕದ ಟೆಕ್ಸಾಸ್‌ನ ಟ್ರಿನಿಟಿ ಕಡೆ. ಹುಡುಗನಾಗಿದ್ದಾಗಲೇ ಮನೆಯವರ ಜೊತೆ ಗುಂಪು ಕಟ್ಟಿಕೊಂಡು ಹಾಡುತ್ತಿದ್ದ. 1937ರಲ್ಲಿ ಸೋಲ್ ಸ್ಟಿರರ್ಸ್ ಸೇರಿದ. ತಂಡ ಶಿಕಾಗೋದಲ್ಲಿ ನೆಲೆ ನಿಂತು, ಅಲ್ಲಿಂದ ಊರೂರು ಸುತ್ತಿ ಹಾಡಿತು.

ಈಗ ತಲೆ ಕೆಡಿಸುವ ಭಾಗ: ನಾಲ್ಕು ದನಿಯ ಕ್ವಾರ್ಟೆಟ್‌ನಲ್ಲಿ ಐದು ಜನ ಯಾಕೆ? ಇದನ್ನು ನಮ್ಮ ಸ್ವರಗಳಲ್ಲೇ ಬಿಡಿಸಿ ನೋಡಿ. ಬಾಸ್ (ಅತಿ ತಗ್ಗಿನ ದನಿಯ) ಗಾಯಕ ಮಂದ್ರದ ಸ ಹಿಡಿದಿದ್ದಾನೆ, ಬ್ಯಾರಿಟೋನ್ (ಅದಕ್ಕಿಂತ ಮೇಲಿನ ದನಿ) ಮಧ್ಯದ ಸ, ಲೀಡ್ (ಮುಖ್ಯ ಗಾಯಕ) ಅಂತರ ಗಾಂಧಾರ, ಟೆನರ್ (ಎತ್ತರದ ದನಿ) ಪ. ನಾಲ್ಕೂ ಒಟ್ಟಿಗೆ ಕೂತಾಗ ಕಾರ್ಡ್ (ಒಟ್ಟಿಗೆ ಕೇಳುವ ಸ್ವರಗಳ ಗುಚ್ಛ) ತುಂಬಿಕೊಂಡಿರುತ್ತದೆ. ಈಗ ಲೀಡ್‌ಗೆ ಭಾವ ಉಕ್ಕಿ, ಮಾತು ಸೇರಿಸುತ್ತಾ, ಸಾಲು ಎಳೆಯುತ್ತಾ ತನ್ನ ದಾರಿ ಹಿಡಿದ ಅಂದುಕೊಳ್ಳಿ. ಗ ಹೋಯಿತು. ಉಳಿದದ್ದು ಸ, ಸ, ಪ. ಬರೀ ತಂಬೂರಿ ಶ್ರುತಿ, ಅಷ್ಟೇ! ವಾದ್ಯ ಇದ್ದಿದ್ದರೆ ಅದು ಗ ನುಡಿಸಿ ಕಾಪಾಡುತ್ತಿತ್ತು, ಆದರೆ ಇವರು ಆಗ ಹಾಡುತ್ತಿದ್ದದ್ದು ಹೆಚ್ಚಾಗಿ ವಾದ್ಯವಿಲ್ಲದೆ. ಅದಕ್ಕೇ ಇನ್ನೊಬ್ಬ ಲೀಡ್ ಬೇಕಾದ. ಲೀಡ್ ಆದ ಹ್ಯಾರಿಸ್ ಕಾರ್ಡ್‌ನಿಂದ ಹೊರಗೆ ಹೋದಾಗ ಎರಡನೇ ಲೀಡ್ ಬಂದು ಗ ಹಿಡಿಯುತ್ತಾನೆ. ಹಾಡು ಕಾವೇರಿದ ಮೇಲೆ ಇಬ್ಬರೂ ಜಾಗ ಬದಲಾಯಿಸುತ್ತಾರೆ: ಅವನು ಮುಂದೆ, ಹ್ಯಾರಿಸ್ ಹಿಂದಿನ ಸಾಲಿಗೆ. ಕಣ್ಣಿಗೆ ಐದು ಜನ, ಆದರೆ ಹಿನ್ನೆಲೆಯಲ್ಲಿ ಯಾವಾಗಲೂ ನಾಲ್ಕೇ ದನಿ. ಇದನ್ನೇ ಸ್ವಿಂಗ್ ಲೀಡ್ ಅನ್ನುವುದು. (ಸ್ವರಗಳ ಹಂಚಿಕೆ ಹಾಡಿನಿಂದ ಹಾಡಿಗೆ, ಒಂದೇ ಹಾಡಿನಲ್ಲೂ ಬದಲಾಗುತ್ತದೆ. ಇಲ್ಲಿ ಕೊಟ್ಟದ್ದು ಸುಮ್ನೆ ಒಂದು ಉದಾಹರಣೆ.)

ಸ್ವಾತಂತ್ರ್ಯ ಸಿಕ್ಕ ಮೇಲೆ ಹ್ಯಾರಿಸ್ ಮಾಡಿದ್ದು ಏನು ಅನ್ನೋದು ಇನ್ನೂ ಮಜಾ. ಹಿಂದಿನ ಸಾಲಿನವರು ತಾಳಕ್ಕೆ ಸರಿಯಾಗಿ ಒಂದೇ ಪದವನ್ನು ಮತ್ತೆ ಮತ್ತೆ ಹೇಳುತ್ತಿದ್ದರೆ ಇವನು ಬೇಕೆಂದೇ ಸ್ವಲ್ಪ ತಡವಾಗಿ ಬರುತ್ತಾನೆ, ಸಾಲಿನ ಕೊನೆಯಲ್ಲಿ ದನಿಯನ್ನು ಫಾಲ್ಸೆಟ್ಟೋಗೆ (ಸಹಜ ದನಿಗಿಂತ ಮೇಲಿನ ತೆಳು ದನಿಗೆ) ಜಾರಿಸುತ್ತಾನೆ. ಕಿರುಚಾಟ ಕಡಿಮೆ. ಕೇಳುವಾಗ ಬಾಸ್ ಜೊತೆ ಬೆರಳಲ್ಲಿ ತಾಳ ಹಾಕಿ, ಅವನು ಹಿಂದೆ ಉಳಿಯುವುದು ತಕ್ಷಣ ಗೊತ್ತಾಗುತ್ತದೆ.

1950ರಲ್ಲಿ ತಂಡ ಬಿಟ್ಟ. ಸುತ್ತಾಟದ ಬದುಕಿನಲ್ಲಿ ನಡತೆ ಕೆಡುತ್ತಿದೆ ಅನ್ನೋದು ಅವನ ಬೇಸರ. ಆಮೇಲೆ ಕ್ರೈಸ್ಟ್‌ಲ್ಯಾಂಡ್ ಸಿಂಗರ್ಸ್ ಜೊತೆ ಹಾಡಿದ, ಆದರೆ ಮೊದಲಿನ ಹೆಸರು ಬರಲಿಲ್ಲ. 1989ರಲ್ಲಿ ಸೋಲ್ ಸ್ಟಿರರ್ಸ್‌ಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿತು. ಹ್ಯಾರಿಸ್ ತೀರಿಕೊಂಡಿದ್ದು 2000ದಲ್ಲಿ.

ಅವನ ಜಾಗಕ್ಕೆ ಬಂದ ಕುಕ್‌ಗೆ ಆಗ ಇಪ್ಪತ್ತರ ಆಸುಪಾಸು. ತಂಡದ ಜೊತೆ ಅವನ ಮೊದಲ ರೆಕಾರ್ಡಿಂಗ್ 1951ರ ಮಾರ್ಚ್‌ನಲ್ಲಿ. ಕುಕ್‌ನ ನುಣುಪು ದನಿಗೆ ಎದುರಾಗಿ ತಂಡದ ಇನ್ನೊಬ್ಬ ಲೀಡ್ ಪಾಲ್ ಫಾಸ್ಟರ್‌ನ ಒರಟು ದನಿ ಬರುವ ಹಾಡುಗಳನ್ನು ಹುಡುಕಿ ಕೇಳಿ. ಎರಡು ದನಿ ಅಷ್ಟು ಬೇರೆಯಾಗಿರುವುದರಿಂದ ಜಾಗ ಬದಲಾಗುವ ಕ್ಷಣ ಹೊಸಬರ ಕಿವಿಗೂ ಸುಲಭವಾಗಿ ಸಿಗುತ್ತದೆ.